ಎಲೆ ಕಾರ್ಡಿನ ಕೊನೆಯ ತಿಂಗಳು

ಬ್ಯಾಂಕಿನಿಂದ ಆ ಸಂದೇಶ ಬಂದಾಗ ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಕೈಗೆಲ್ಲ ಸೊಗಡು ಹತ್ತಿತ್ತು. ಫೋನು ಟಿಣ್ ಅಂದಾಗ ಮೊದಲು ಮುಟ್ಟಲಿಲ್ಲ. ಯಾವುದೋ ಸೀರೆ ಅಂಗಡಿಯ ರಿಯಾಯಿತಿ ಇರಬೇಕು ಅಂದುಕೊಂಡೆ. ಮೊರ ತುಂಬಿದ ಮೇಲೆ ಸೆರಗಿಗೆ ಬೆರಳು ಒರೆಸಿಕೊಂಡು ಓದಿದೆ. ಒಂದು ಸಲ ಬಳಸಿ ಬಿಡುವ ಆನ್‌ಲೈನ್ ಕಾರ್ಡಿನ ಸೌಲಭ್ಯವನ್ನು ಈ ತಿಂಗಳ ಕೊನೆಗೆ ನಿಲ್ಲಿಸುತ್ತಿದ್ದೇವೆ, ನಿಮಗಾಗುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಇನ್ನೊಮ್ಮೆ ಓದಿದೆ. ಅರ್ಥವೇನೂ ಬದಲಾಗಲಿಲ್ಲ. ಮತ್ತೆ ಕೆಲಸಕ್ಕೆ ಕೂತವಳು ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಮೊರಕ್ಕೂ ಹಾಕುತ್ತಿದ್ದೀನಿ ಅಂತ ಗೊತ್ತಾಗಿದ್ದು ಸ್ವಲ್ಪ ಹೊತ್ತಾದ ಮೇಲೆ.

ಆ ಕಾರ್ಡು ಏನು ಅಂತ ಹೇಳಿಬಿಡುತ್ತೇನೆ. ಅದನ್ನು ಬಳಸಿದವರು ನಮ್ಮ ಕಡೂರಿನಲ್ಲಿ ಹೆಚ್ಚು ಮಂದಿ ಇದ್ದಂತೆ ಕಾಣೆ. ಅದು ಕೈಯಲ್ಲಿ ಹಿಡಿಯುವಂಥದ್ದಲ್ಲ. ಬ್ಯಾಂಕಿನ ವೆಬ್‌ಸೈಟಿಗೆ ಹೋಗಿ, ಇಷ್ಟು ರೂಪಾಯಿಗೆ ಒಂದು ಕಾರ್ಡು ಬೇಕು ಎಂದು ಬರೆದು ಒತ್ತಿದರೆ ಪರದೆಯ ಮೇಲೆ ಒಂದು ಕಾರ್ಡಿನ ಚಿತ್ರ ಮೂಡುತ್ತಿತ್ತು. ಉದ್ದನೆಯ ನಂಬರು, ತಾರೀಖು, ಹಿಂಬದಿಯ ಗುಟ್ಟಿನ ಅಂಕಿ ಎಲ್ಲ ಇರುತ್ತಿತ್ತು. ನಮ್ಮ ಖಾತೆಯಲ್ಲಿ ಅಷ್ಟು ದುಡ್ಡು ಮಾತ್ರ ಆ ಕಾರ್ಡಿನ ಪಾಲಿಗೆ ಅಂತ ಪಕ್ಕಕ್ಕೆ ಸರಿದು ಕೂರುತ್ತಿತ್ತು. ಆ ನಂಬರು ಕೊಟ್ಟು ಒಂದು ಸಲ ಸಾಮಾನು ತರಿಸಿಕೊಂಡರೆ ಅಲ್ಲಿಗೆ ಅದರ ಆಯಸ್ಸು ಮುಗಿಯಿತು. ಆಮೇಲೆ ಯಾವ ಕಳ್ಳ ಆ ನಂಬರು ಹಿಡಿದುಕೊಂಡು ಎಲ್ಲಿ ಅಲೆದರೂ ಅವನಿಗೆ ಒಂದು ಬೆಂಕಿಪೊಟ್ಟಣ ಕೂಡ ಹುಟ್ಟುತ್ತಿರಲಿಲ್ಲ. ನಿಜವಾದ ಕಾರ್ಡು ಬೀರುವಿನಲ್ಲಿ ನನ್ನ ರೇಷ್ಮೆ ಸೀರೆಗಳ ಕೆಳಗೆ ನೆಮ್ಮದಿಯಾಗಿ ಮಲಗಿರುತ್ತಿತ್ತು.

ಅಜ್ಜಂಪುರದಲ್ಲಿರುವ ನನ್ನ ಅಕ್ಕನಿಗೆ ಇದನ್ನೆಲ್ಲ ವಿವರಿಸಿದಾಗ ಅವಳು ಸೂಜಿಗೆ ದಾರ ಪೋಣಿಸುತ್ತಾ ಕೇಳಿಸಿಕೊಂಡಳು. ಕೊನೆಗೆ, “ಅಂದ್ರೆ ಊಟದೆಲೆ ಇದ್ದಂಗೆ ಅನ್ನು. ಉಂಡ್ಮೇಲೆ ಎತ್ತಿ ಎಸೆಯೋದು. ಒಬ್ರು ಉಂಡಿದ್ದರಲ್ಲಿ ಇನ್ನೊಬ್ರು ಉಣ್ಣಂಗಿಲ್ಲ” ಅಂದಳು. ಬ್ಯಾಂಕಿನವರು ಪುಟಗಟ್ಟಲೆ ಬರೆದದ್ದು ಅವಳಿಗೆ ಇಷ್ಟರಲ್ಲೇ ಮುಗಿಯಿತು. ಅವತ್ತಿನಿಂದ ನಮ್ಮಿಬ್ಬರ ನಡುವೆ ಅದಕ್ಕೆ ಎಲೆ ಕಾರ್ಡು ಅಂತಲೇ ಹೆಸರು. “ಲೇ, ಒಂದು ಎಲೆ ಹಾಕೇ” ಅಂತ ಅವಳು ಫೋನ್ ಮಾಡಿದರೆ ಏನೋ ತರಿಸಬೇಕಾಗಿದೆ ಅಂತ ಅರ್ಥ.

ಈಗೆಲ್ಲ ಕೊತ್ತಂಬರಿ ಕಟ್ಟಿಗೂ ಫೋನಿನಲ್ಲಿ ಸ್ಕ್ಯಾನ್ ಮಾಡುತ್ತಾರೆ, ನಿಮಗ್ಯಾಕೆ ಈ ಫಜೀತಿ ಅಂತ ಕೇಳುವವರಿದ್ದಾರೆ. ನಮ್ಮೆಜಮಾನರಿಗೆ ಮೋಟಾರು ರಿವೈಂಡಿಂಗ್ ಅಂಗಡಿ. ಬೀರೂರಿನ ಅವರ ಸ್ನೇಹಿತರೊಬ್ಬರಿಗೆ ಯಾರೋ ಫೋನ್ ಮಾಡಿ, ನಿಮಗೆ ದುಡ್ಡು ಬರುವುದಿದೆ, ಈ ಚೌಕದ ಚಿತ್ರ ಸ್ಕ್ಯಾನ್ ಮಾಡಿ ಅಂದ. ಅವರು ಮಾಡಿದರು. ಬರುವುದಿರಲಿ, ಇದ್ದದ್ದನ್ನೂ ಬಳಿದುಕೊಂಡು ಹೋದ. ಅವತ್ತಿನಿಂದ ನಮ್ಮ ಮನೆಯಲ್ಲಿ ಸ್ಕ್ಯಾನಿಗೆ ಬಹಿಷ್ಕಾರ. ಇವರು ಗುಂಡಿ ಒತ್ತುವ ಹಳೇ ಫೋನು ಬಿಡಲಿಲ್ಲ, ಅಂಗಡಿಯಲ್ಲಿ ನಗದು ವ್ಯವಹಾರ ಬಿಡಲಿಲ್ಲ. ನನಗೂ ಅದೇ ಸರಿ ಅನ್ನಿಸಿತ್ತು. ಅಕ್ಕಿಯ ಡ್ರಮ್ಮನ್ನೇ ಹೊತ್ತುಕೊಂಡು ಸಂತೆಗೆ ಯಾರಾದರೂ ಹೋಗುತ್ತಾರೆಯೇ? ಎಲೆ ಕಾರ್ಡಿನಲ್ಲಾದರೆ ಬೇಕಾದಷ್ಟನ್ನು ಪಾವಿನಲ್ಲಿ ಅಳೆದು ಹೊರಗೆ ತಂದ ಹಾಗೆ. ಚೆಲ್ಲಿದರೂ ಒಂದು ಪಾವು ಚೆಲ್ಲೀತು.

ಹೀಗೆ ಇಡೀ ನೆಂಟರಿಷ್ಟರಿಗೆ ಆನ್‌ಲೈನ್ ಸಾಮಾನು ತರಿಸಿಕೊಡುವವಳು ನಾನಾಗಿಬಿಟ್ಟಿದ್ದೆ. ಮಿಕ್ಸಿ ಜಾರಿನ ಬ್ಲೇಡು, ಕುಕ್ಕರಿನ ಗ್ಯಾಸ್ಕೆಟ್ಟು, ಮಂಡಿನೋವಿನ ಪಟ್ಟಿ, ಎಲ್ಲಿಯೂ ಸಿಗದ ಅಳತೆಯ ಚಪ್ಪಲಿ. ಕೊಂಡಾಗ ಆಗುವ ಖುಷಿಗಿಂತ, ಕೊಂಡ ಮೇಲೆ ಆ ನಂಬರು ಸತ್ತುಹೋಗುತ್ತಿತ್ತಲ್ಲ, ಆ ಖುಷಿ ನನಗೆ ದೊಡ್ಡದು. ಗೇಟಿಗೆ ಬೀಗ ಹಾಕಿ, ಎಳೆದು ನೋಡಿ, ಒಳಗೆ ಬಂದು ಮಲಗಿದ ಹಾಗೆ.

ಎಲ್ಲಕ್ಕಿಂತ ಹೆಚ್ಚು ಎಲೆ ಹಾಕಿಸಿಕೊಂಡವಳು ಅಕ್ಕ. ಅವಳದು ಸೀರೆಗೆ ಕುಚ್ಚು ಕಟ್ಟುವ ಕೆಲಸ. ಸೆರಗಿನ ತುದಿಯ ಎಳೆಗಳನ್ನು ಗುಂಪು ಮಾಡಿ, ರೇಷ್ಮೆ ದಾರ ಸೇರಿಸಿ ಗಂಟು ಹಾಕಿ, ನಡುನಡುವೆ ಮಣಿ ಕೂರಿಸುತ್ತಾಳೆ. ಸೀರೆಯನ್ನು ಮೇಜಿನ ಮೇಲೆ ಹಾಸಿ, ಜರುಗದಂತೆ ರುಬ್ಬುಗುಂಡು ಹೇರಿ, ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಕೂತರೆ ಊಟದ ಹೊತ್ತಿನವರೆಗೂ ಏಳುವುದಿಲ್ಲ. ನಮ್ಮ ಕಡೆಯ ಫ್ಯಾನ್ಸಿ ಸ್ಟೋರುಗಳಲ್ಲಿ ಸಿಗುವುದು ಬಂಗಾರದ ಬಣ್ಣದ ಮಣಿ, ಬಿಳಿ ಮಣಿ, ತೀರಾ ಅಂದರೆ ಕೆಂಪು. ಅಕ್ಕನಿಗೆ ಬೇಕಾದ ಬಣ್ಣಗಳು ಬರುವುದು ಸೂರತ್ತಿನ ಒಬ್ಬ ವ್ಯಾಪಾರಿಯಿಂದ. ಅವನು ಮೊದಲು ದುಡ್ಡು ಕೇಳುತ್ತಾನೆ, ಅದೂ ಕಾರ್ಡು ಇಲ್ಲವೇ ಸ್ಕ್ಯಾನಿನಲ್ಲೇ, ಆಮೇಲೆ ಮಣಿ ಕಳಿಸುತ್ತಾನೆ.

ಆ ಸಂದೇಶ ಬಂದ ಹೊತ್ತಿಗೆ ಸರಿಯಾಗಿ ಅಕ್ಕ ಒಂದು ದೊಡ್ಡ ಕೆಲಸ ಒಪ್ಪಿಕೊಂಡಿದ್ದಳು. ತರೀಕೆರೆಯ ಒಂದು ಮದುವೆ ಮನೆಯ ಸೀರೆಗಳು. ಅಜ್ಜಂಪುರದ ಆಚೆಯಿಂದ ಅವಳಿಗೆ ಬಂದ ಮೊದಲ ಕೆಲಸ ಅದು. ಮದುವಣಗಿತ್ತಿಯ ತಾಯಿ ತಾವೇ ಬಂದು, ಧಾರೆ ಸೀರೆ ಬಿಚ್ಚಿ ತೋರಿಸಿ, ಇದರ ಕುಚ್ಚಿಗೆ ನವಿಲುಕೊರಳಿನ ಬಣ್ಣದ ಮಣಿಯೇ ಆಗಬೇಕು, ಅಂಚಿಗೆ ಹೊಂದಬೇಕು, ಆಗಲ್ಲ ಅನ್ನುವುದಾದರೆ ಈಗಲೇ ಹೇಳಿಬಿಡಿ ಅಂದಿದ್ದರಂತೆ. ಅಕ್ಕ ಆಗುತ್ತೆ ಅಂದುಬಿಟ್ಟಿದ್ದಳು. ಅಕ್ಕನ ಎದುರು ಮನೆಯಲ್ಲಿ ಇನ್ನೊಬ್ಬಾಕೆ ಹೊಸದಾಗಿ ಕುಚ್ಚು ಕಟ್ಟಲು ಶುರು ಮಾಡಿ ಬಣ್ಣಬಣ್ಣದ ಬೋರ್ಡು ಹಾಕಿದ್ದಳು. ಆ ಸೀರೆಗಳು ಅಕ್ಕನ ಮನೆ ಬಾಗಿಲಿಂದ ವಾಪಸು ಹೋದರೆ ನೇರ ಆ ಬೋರ್ಡಿನ ಕೆಳಗೇ ಹೋಗುತ್ತವೆ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು.

“ಮಾತು ಕೊಟ್ಟಾಗಿದೆ ಕಣೇ. ಮಣಿ ಬರ್ಲಿಲ್ಲ ಅಂದ್ರೆ ನಾನು ಆ ಯಮ್ಮನ ಮುಖ ಹೆಂಗೆ ನೋಡ್ಲಿ?” ಅಂದಳು ಫೋನಿನಲ್ಲಿ.

“ಬತ್ತವೆ ಬಿಡಕ್ಕ. ತಿಂಗಳು ಮುಗಿಯೋಕೆ ಇನ್ನೂ ಟೈಮಿದೆ” ಅಂದೆ.

ಆದರೂ ಕೈಕಟ್ಟಿ ಕೂರಲಾಗದೆ ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ನಗುಮುಖದವಳು. ನಾನು ಹೇಳಿದ್ದನ್ನು ಕೇಳಿ, ಕಂಪ್ಯೂಟರಿನಲ್ಲಿ ಏನೋ ಹುಡುಕಿ, “ಅಮ್ಮ, ಈ ಬ್ರಾಂಚಲ್ಲಿ ಇದನ್ನ ಬಳಸೋರು ನೀವೊಬ್ರೇ ಇರ್ಬೇಕು” ಅಂದಳು.

“ಒಬ್ಬಳಿಗಾದ್ರೂ ಇರ್ಲಿ ಬಿಡ್ರೀ. ನಾನೇನು ಜಾಗ ಕೇಳ್ತೀನಾ, ಕರೆಂಟ್ ಕೇಳ್ತೀನಾ?”

“ನಮ್ ಕೈಲಿಲ್ಲಮ್ಮ. ಹೆಡ್ಡಾಫೀಸಿಂದ ಬಂದಿರೋದು. ಈಗ ಬೇರೆ ಎಷ್ಟೊಂದು ಇದಾವೆ, ಫೋನಲ್ಲೇ ಸ್ಕ್ಯಾನ್ ಮಾಡ್ಬೋದು.”

“ಅದು ನಮ್ಮನೇಲಿ ನಡಿಯಲ್ಲ. ಹೋಗ್ಲಿ, ತಿಂಗಳ ಕೊನೆವರೆಗೂ ಎಲೆ ಹಾಕ್ಬೋದಾ?”

“ಏನು ಹಾಕ್ಬೇಕು?”

“ಅದೇ, ಕಾರ್ಡು ಮಾಡ್ಬೋದಾ ಅಂತ.”

“ಧಾರಾಳವಾಗಿ ಮಾಡಿ. ಕೊನೇ ದಿನದವರೆಗೂ ಇರುತ್ತೆ.”

ಧಾರಾಳವಾಗಿ ಮಾಡಿ ಅನ್ನುವ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ದಾರಿಯುದ್ದಕ್ಕೂ ಅದೇ ಯೋಚನೆ. ಎಲೆ ಕಾರ್ಡು ಮಾಡುವಾಗ ಅದು ಎಷ್ಟು ಕಾಲ ಇರಬೇಕು ಅಂತ ನಾವೇ ಆರಿಸಬಹುದಿತ್ತು, ವರ್ಷದವರೆಗೂ ಇಡಬಹುದಿತ್ತು. ಹಾಗಿದ್ದ ಮೇಲೆ ಈಗಲೇ ಒಂದಷ್ಟು ಮಾಡಿಟ್ಟುಕೊಂಡರೆ? ಮಳೆಗಾಲದಲ್ಲಿ ಹಪ್ಪಳ ಸಂಡಿಗೆ ಒಣಗುವುದಿಲ್ಲ ಅಂತ ಬೇಸಿಗೆಯಲ್ಲೇ ಮಾಡಿ ಡಬ್ಬಕ್ಕೆ ತುಂಬುವುದಿಲ್ಲವೇ? ಅಂಗಡಿ ಮುಚ್ಚುತ್ತದೆ ಅಂತ ಗೊತ್ತಾದ ಮೇಲೆ ಸುಮ್ಮನೆ ಕೂರುವವಳು ಗೃಹಸ್ಥೆಯೇ ಅಲ್ಲ.

ಅವತ್ತು ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಕನ್ನಡಕ ಹಾಕಿಕೊಂಡು ಕೂತೆ. ಅಕ್ಕನ ಮಣಿಗೆ ಒಂದು. ದೀಪಾವಳಿಗೆ ಬೇಕಾಗಬಹುದು ಅಂತ ಒಂದು. ಇವರ ಕನ್ನಡಕ ಮುರಿದರೆ ಅಂತ ಒಂದು, ಮಿಕ್ಸಿ ಕೆಟ್ಟರೆ ಒಂದು, ನಾದಿನಿಯ ಮಗಳಿಗೆ ತೊಟ್ಟಿಲ ಶಾಸ್ತ್ರ ಬಂದರೆ ಉಡುಗೊರೆಗೆ ಒಂದು. ಆ ಹುಡುಗಿಗೆ ಇನ್ನೂ ಮದುವೆಯೇ ಆಗಿರಲಿಲ್ಲ, ಅದು ಬೇರೆ ಮಾತು. ಒಂದೊಂದಕ್ಕೂ ಮೊತ್ತ ಬರೆಯುವಾಗ ಕೈ ಬಿಗಿಯಾಗದಿರಲಿ ಅಂತ ಸ್ವಲ್ಪ ಹೆಚ್ಚೇ ಬರೆದೆ. ಮಿಕ್ಕಿದರೆ ಖಾತೆಗೆ ತಾನಾಗಿ ವಾಪಸಾಗುತ್ತದಲ್ಲ. ಮಾರನೆಯ ದಿನವೂ ಕೂತು ಇನ್ನೊಂದಿಷ್ಟು ಮಾಡಿದೆ. ಪರದೆಯ ಮೇಲೆ ಅವು ಸಾಲಾಗಿ ನಿಂತದ್ದನ್ನು ನೋಡಿದಾಗ ಚಾಪೆಯ ತುಂಬ ಸಂಡಿಗೆ ಇಟ್ಟು ಸೊಂಟ ನೆಟ್ಟಗೆ ಮಾಡಿಕೊಂಡಾಗ ಆಗುತ್ತದಲ್ಲ, ಅಂಥ ತೃಪ್ತಿ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು, “ಬುದ್ಧಿವಂತೆ ಕಣೇ ನೀನು. ಅಮ್ಮ ಇದ್ದಿದ್ರೆ ಹೆಮ್ಮೆ ಪಡೋಳು” ಅಂದಳು.

ಹೆಮ್ಮೆ ಬಹಳ ಹೊತ್ತು ಉಳಿಯಲಿಲ್ಲ. ಇವರು ತಾಮ್ರದ ತಂತಿ ತರಲು ದುಡ್ಡು ಬೇಕು ಅಂತ ಬಸ್‌ಸ್ಟ್ಯಾಂಡಿನ ಹತ್ತಿರದ ಎಟಿಎಮ್ಮಿಗೆ ಹೋಗಿದ್ದರು. ನಮ್ಮಿಬ್ಬರದು ಒಂದೇ ಜಂಟಿ ಖಾತೆ, ಕಾರ್ಡು ಮಾತ್ರ ಬೇರೆ ಬೇರೆ. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ, ಸ್ಕೂಟರು ಬಂದು ನಿಂತ ಸದ್ದಾಯಿತು. ಸ್ಟ್ಯಾಂಡ್ ಹಾಕದೆ ಗೋಡೆಗೆ ಒರಗಿಸಿದ್ದೂ ಕೇಳಿಸಿತು. ಒಳಗೆ ಬಂದವರ ಅಂಗಿಯೆಲ್ಲ ಬೆವರು.

“ಹೋಯ್ತು ಕಣೇ. ಎಲ್ಲ ಹೋಯ್ತು.”

“ಏನ್ರೀ ಹೋಯ್ತು?”

“ದುಡ್ಡು! ಖಾತೇಲಿ ದುಡ್ಡೇ ಇಲ್ಲ ಅಂತಿದೆ ಮಿಷಿನ್ನು. ಎರಡು ಸಲ ಹಾಕ್ದೆ, ಎರಡು ಸಲಾನೂ ಇಲ್ಲ ಅಂತು. ಬಳ್ಕೊಂಡು ಹೋಗ್ಬಿಟ್ಟವ್ರೆ. ಬೀರೂರಿನವನಿಗೆ ಆಗಿದ್ದೇ ನಮಗೂ ಆಯ್ತು.”

“ಸ್ವಲ್ಪ ಕೂತ್ಕೊಳ್ರೀ...”

“ಕೂರೋದೇನೇ! ಯಾರಿಗಾದ್ರೂ ಓಟಿಪಿ ಹೇಳಿದ್ಯಾ? ಯಾವನಾದ್ರೂ ಹಿಂದಿ ಮಾತಾಡ್ಕೊಂಡು ಫೋನ್ ಮಾಡಿದ್ನಾ? ಸ್ಟವ್ ಆರ್ಸು, ಸೀರೆ ಬದ್ಲಾಯ್ಸು. ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡಣ.”

ಆಗ ನನಗೆ ಹೊಳೆಯಿತು. ಒಂದೊಂದು ಕಾರ್ಡಿನ ಪಾಲಿಗೂ ದುಡ್ಡು ಪಕ್ಕಕ್ಕೆ ಸರಿದು ಕೂತಿದೆ. ಸರಿದು ಸರಿದು ನಡುವೆ ಏನೂ ಉಳಿದಿಲ್ಲ. ಸ್ಟವ್ ಆರಿಸಿದೆ. ಒಂದು ಲೋಟ ನೀರು ತಂದು ಅವರ ಕೈಗೆ ಕೊಟ್ಟೆ.

“ರೀ, ಕಳ್ಳ ಸಿಕ್ಕಿದ.”

“ಎಲ್ಲಿ?”

“ನಿಮ್ಮೆದುರಿಗೇ ನಿಂತವ್ಳೆ.”

ಎಲ್ಲ ಹೇಳಿದೆ. ಸಂಡಿಗೆ, ಮಳೆಗಾಲ, ತೊಟ್ಟಿಲ ಶಾಸ್ತ್ರ ಒಂದನ್ನೂ ಬಿಡಲಿಲ್ಲ. ಅವರು ನೀರು ಕುಡಿದರು. ಲೋಟ ಕೆಳಗಿಟ್ಟರು. ಬೈಯುತ್ತಾರೆ ಅಂತ ಕಾದೆ. ಅವರ ಹೊಟ್ಟೆ ಅಲುಗಾಡಲು ಶುರುವಾಯಿತು, ಆಮೇಲೆ ಭುಜ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಗು.

“ಕಳ್ಳರಿಗೆ ಸಿಗಬಾರ್ದು ಅಂತ ನನಗೂ ಸಿಗದಂಗೆ ಮಾಡ್ಬಿಟ್ಟೆಯಲ್ಲೇ! ತಾಮ್ರದ ತಂತಿ ಅಂಗಡಿಯವನಿಗೆ ಏನಂತ ಹೇಳ್ಲಿ? ನಮ್ಮನೆಯೋಳು ದುಡ್ಡನ್ನೆಲ್ಲ ಬಿಸಿಲಿಗೆ ಹಾಕವ್ಳೆ ಅನ್ಲಾ?”

ಆ ಸಂಜೆ ಒಂದೊಂದೇ ಕಾರ್ಡು ರದ್ದು ಮಾಡುತ್ತಾ ಕೂತೆ. ಇವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, “ಇದು ಯಾತಕ್ಕೆ?” “ಇದು?” ಅಂತ ಕೇಳುತ್ತಾ ನಗುತ್ತಾ ಇದ್ದರು. ಅವರ ಕನ್ನಡಕದ ಕಾರ್ಡು ಬಂದಾಗ ಮಾತ್ರ, ಇರಲಿ ಬಿಡು, ಅದು ಒಳ್ಳೇ ಯೋಚನೆ ಅಂದರು. ಅದನ್ನೂ ರದ್ದು ಮಾಡಿದೆ. ಒಂದನ್ನು ಮಾತ್ರ ಉಳಿಸಿಕೊಂಡೆ, ಅಕ್ಕನ ಮಣಿಯ ಕಾರ್ಡು. ಅದರ ಮೇಲೆ ಮುಂದಿನ ವರ್ಷದ ತಾರೀಖಿತ್ತು.

ಸೂರತ್ತಿನ ವ್ಯಾಪಾರಿ ಆ ಬಣ್ಣ ಸದ್ಯಕ್ಕೆ ಇಲ್ಲ, ಬರುತ್ತದೆ ಅನ್ನುತ್ತಲೇ ಇದ್ದ. ಅಕ್ಕ ದಿನಾ ಬೆಳಿಗ್ಗೆ ಫೋನ್ ಮಾಡುತ್ತಿದ್ದಳು. ಬೇರೆ ಸೀರೆಗಳ ಕುಚ್ಚು ಮುಗಿಯುತ್ತಾ ಬಂತು. ಧಾರೆ ಸೀರೆ ಹಾಗೇ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಬೇರೆ ಬಣ್ಣ ಹಾಕಿದರೆ ಆಗಲ್ವಾ ಅಂದೆ. “ನಿನ್ನ ಮದುವೇಲಿ ಬೇರೆ ಗಂಡು ಕೂರ್ಸಿದ್ರೆ ಆಗ್ತಿತ್ತಾ?” ಅಂದಳು.

ತಿಂಗಳು ಮುಗಿಯಿತು. ಹೊಸ ತಿಂಗಳ ಮೊದಲ ವಾರದಲ್ಲೇ ವ್ಯಾಪಾರಿಯಿಂದ ಮಣಿಯ ಫೋಟೋ ಬಂತು. ಬಿಸಿಲಿಗೆ ಹಿಡಿದು ತೆಗೆದ ಫೋಟೋ. ನೀಲಿಯೋ ಹಸಿರೋ ಹೇಳಲಾಗದ ಆ ಹೊಳಪು ಸೀರೆಯ ಅಂಚಿನದೇ ಬಣ್ಣ. ನಾನು ಕೂಡಲೇ ಉಳಿಸಿಟ್ಟಿದ್ದ ಕಾರ್ಡಿನ ನಂಬರು ಹಾಕಿದೆ. ಈ ಕಾರ್ಡು ಚಾಲ್ತಿಯಲ್ಲಿಲ್ಲ ಅಂತ ಬಂತು. ತಪ್ಪು ಒತ್ತಿದೆನೇನೋ ಅಂತ ಮತ್ತೆ ಹಾಕಿದೆ. ಅದೇ ಉತ್ತರ. ಬ್ಯಾಂಕಿನ ವೆಬ್‌ಸೈಟು ತೆರೆದರೆ ಎಲೆ ಹಾಕುವ ಪುಟವೇ ಅಲ್ಲಿರಲಿಲ್ಲ. ಕಾರ್ಡಿನ ಮೇಲೆ ಯಾವ ತಾರೀಖಿದ್ದರೇನು, ಸೇವೆ ನಿಂತ ದಿನವೇ ಮಾಡಿಟ್ಟದ್ದೂ ನಿಂತುಹೋಗಿತ್ತು. ದುಡ್ಡು ಭದ್ರವಾಗಿ ಖಾತೆಗೆ ಮರಳಿತ್ತು, ಅದರಲ್ಲಿ ಮೋಸವಿಲ್ಲ. ಆದರೆ ಮಣಿ ಸೂರತ್ತಿನಲ್ಲಿತ್ತು, ತರೀಕೆರೆಯವರು ಸೀರೆಗೆ ಬರುವ ದಿನ ಹತ್ತಿರವಾಗಿತ್ತು.

ಬೀರು ತೆಗೆದೆ. ಸೀರೆಗಳ ಕೆಳಗಿಂದ ನಿಜವಾದ ಕಾರ್ಡು ತೆಗೆದು, ಕರ್ಚೀಫಿನಲ್ಲಿ ಸುತ್ತಿ, ಪರ್ಸಿನ ಒಳಜೇಬಿಗೆ ಹಾಕಿಕೊಂಡೆ. ಇದನ್ನು ಮನೆಯಲ್ಲಿ ಒಬ್ಬಳೇ ಕೂತು ಮಾಡಲು ಧೈರ್ಯವಾಗಲಿಲ್ಲ. ಅಕ್ಕನ ಎದುರಿಗೇ ಮಾಡೋಣ ಅಂತ ಬೀರೂರಿಗೆ ಹೋಗಿ ಅಜ್ಜಂಪುರದ ರೈಲು ಹತ್ತಿದೆ. ಕಿಟಕಿ ಪಕ್ಕ ಜಾಗ ಸಿಕ್ಕಿತ್ತು, ತಂಪು ಗಾಳಿಯಿತ್ತು, ಎದುರಿಗಿದ್ದ ಹೆಂಗಸು ಸೀಬೆಹಣ್ಣು ಕೊಯ್ದು ಉಪ್ಪುಖಾರ ಹಚ್ಚಿ ನನಗೂ ಕೊಟ್ಟಳು. ಒಂದು ಕೈಯಲ್ಲಿ ಹಣ್ಣು ತಿಂದೆ. ಇನ್ನೊಂದು ಕೈ ಪರ್ಸಿನಿಂದ ಏಳಲಿಲ್ಲ.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಕಾಫಿಗೂ ಕೂರದೆ ಮೊದಲು ವ್ಯಾಪಾರಿಗೆ ಫೋನ್ ಮಾಡಿದೆವು. ನನ್ನದು ಟೀವಿ ನೋಡಿ ಕಲಿತ ಹಿಂದಿ. ನನ್ನ ಊರು ಹೇಳಿದ ಕೂಡಲೇ ಅವನು ಜೋರಾಗಿ ನಕ್ಕ. “ದೀದಿ, ನೀವಾ? ಪ್ರತಿ ಸಲ ಹೊಸ ಕಾರ್ಡಿನಿಂದ ಕೊಡೋರು! ಒಂದು ಸಲ ಬಂದ ನಂಬರು ಇನ್ನೊಂದು ಸಲ ಬಂದಿದ್ದೇ ಇಲ್ಲ. ನಿಮ್ಮ ಯಜಮಾನರು ಬ್ಯಾಂಕ್ ಇಟ್ಟಿದ್ದಾರಾ ಅಂತ ನಾವು ಇಲ್ಲಿ ಮಾತಾಡಿಕೊಳ್ತಿದ್ವಿ” ಅಂದ. ಆಮೇಲೆ ಗಂಭೀರವಾಗಿ, ಆ ಬಣ್ಣದ್ದು ಸ್ವಲ್ಪವೇ ಉಳಿದಿದೆ, ಬೇರೆಯವರೂ ಕೇಳುತ್ತಿದ್ದಾರೆ, ಸಂಜೆಯೊಳಗೆ ದುಡ್ಡು ಬಂದರೆ ನಿಮಗೇ ಇಡುತ್ತೇನೆ ಅಂದು, ಸ್ಕ್ಯಾನ್ ಮಾಡುವ ಚೌಕದ ಚಿತ್ರವನ್ನೂ ಕಳಿಸಿದ.

ಆ ಚಿತ್ರವನ್ನು ನಾವಿಬ್ಬರೂ ಹಾವು ನೋಡಿದ ಹಾಗೆ ನೋಡಿದೆವು.

“ಪಕ್ಕದ ದಿನಸಿ ಅಂಗಡಿಯವನು ಸ್ಕ್ಯಾನ್ ಮಾಡ್ಕೊಡ್ತಾನೆ ಅಲ್ವೇನಕ್ಕ? ಅವನಿಗೆ ನಗದು ಕೊಟ್ರಾಯ್ತು.”

“ಅವನಾ? ಅವನು ಎದುರು ಮನೆಯೋಳ ತಮ್ಮ ಕಣೇ. ಮಣಿ ಎಲ್ಲಿಂದ ತರಿಸ್ತೀನಿ, ಎಷ್ಟಕ್ಕೆ ತರಿಸ್ತೀನಿ ಅಂತ ಇವತ್ತು ಅವನಿಗೆ ಗೊತ್ತಾದ್ರೆ ನಾಳೆ ಅವಳ ಬೋರ್ಡಿನ ಮೇಲಿರುತ್ತೆ.”

ಸರಿ, ನಾನು ಕರ್ಚೀಫು ಬಿಚ್ಚಿದೆ. ಕಾರ್ಡು ಮಡಿಲಲ್ಲಿಟ್ಟುಕೊಂಡು ನಂಬರು ಒತ್ತಲು ಶುರು ಮಾಡಿದೆ. ಅರ್ಧಕ್ಕೆ ಬಂದಾಗ ಬೆರಳು ನಿಂತಿತು. ಇಷ್ಟು ವರ್ಷ ಈ ನಂಬರನ್ನು ಯಾರಿಗೂ ತೋರಿಸಿರಲಿಲ್ಲ. ಒಂದು ಸಲ ಹೊರಗೆ ಹೋದರೆ ಅದು ಸಾಯುವುದಿಲ್ಲ, ಎಲ್ಲೋ ಬದುಕಿಯೇ ಇರುತ್ತದೆ. ಇವರ ಬೆವೆತ ಅಂಗಿ ಕಣ್ಣ ಮುಂದೆ ಬಂತು. ಈ ಸಲ ನಿಜವಾಗಿ ಹಾಗಾದರೆ ನಗಲು ಏನಿರುತ್ತದೆ? ಅಳಿಸಿದೆ. ಮತ್ತೆ ಒತ್ತಿದೆ. ಮತ್ತೆ ಅಳಿಸಿದೆ.

ಅಕ್ಕ ನನ್ನನ್ನೇ ನೋಡುತ್ತಿದ್ದಳು. “ಇಡು ಒಳಗೆ” ಅಂದಳು.

“ಇಲ್ಲಕ್ಕ, ಮಾಡ್ತೀನಿ. ನಿನ್ನ ಮಾತು ಉಳೀಬೇಕು.”

“ಇಡೇ ಅಂದೆ. ಹಾಲು ಬತ್ತಿದ ಹಸು ಮಾರೋಕೆ ಬಂದೋಳ ಹಂಗೆ ಕೂತಿದೀಯ, ನೋಡಕ್ಕಾಗ್ತಿಲ್ಲ.” ಕಾರ್ಡನ್ನು ತಾನೇ ಕರ್ಚೀಫಿನಲ್ಲಿ ಸುತ್ತುತ್ತಾ ಕೇಳಿದಳು. “ಅಲ್ಲ, ಖಾತೇಲಿ ದುಡ್ಡಿದ್ರೆ ತಾನೇ ಕಳ್ಳ ಬರೋದು? ಏನೂ ಇಲ್ದಿರೋ ಖಾತೆ ಕಾರ್ಡಾದ್ರೆ?”

“ಏನೂ ಇಲ್ದಿರೋ ಖಾತೆ ಯಾರದು?”

“ನಂದೇ ಕಣೇ! ಸರ್ಕಾರದ ದುಡ್ಡು ಬೀಳುತ್ತಲ್ಲ, ಬಿದ್ದ ಮಾರನೇ ದಿನವೇ ಚೀಟಿ ಬರೆದು ತಗೊಂಡ್ ಬಂದಿರ್ತೀನಿ. ಕಳ್ಳ ಬಂದ್ರೆ ಪಾಪ ಅಂತ ಅವನೇ ಏನಾದ್ರೂ ಹಾಕ್ಬಿಟ್ಟು ಹೋಗ್ಬೇಕು.”

“ನಿನ್ನತ್ರ ಕಾರ್ಡಿದೆಯಾ?”

“ಖಾತೆ ಮಾಡ್ದಾಗಲೇ ಕೊಟ್ಟಿದ್ರು” ಅಂದವಳು ದೇವರ ಮನೆಗೆ ಹೋದಳು. ಹೊಲಿಗೆ ಕತ್ತರಿ, ಅಳತೆ ಟೇಪಿನ ಜೊತೆ ಗೂಡಿನಲ್ಲಿ ಅದು ಇತ್ತು. ಪ್ರತಿ ಆಯುಧಪೂಜೆಗೂ ಅದಕ್ಕೂ ಗಂಧ ಕುಂಕುಮ ಹಚ್ಚಿದ್ದಾಳೆ. ಬೊಟ್ಟಿಡಲು ಒಳ್ಳೇ ಜಾಗ ಅಂತ ಕಂಡದ್ದು ಆ ಬಂಗಾರದ ಬಣ್ಣದ ಪುಟ್ಟ ಚೌಕ.

ಬ್ಯಾಂಕಿಗೆ ಹೋಗಿ ಮಣಿಗೆ ಆಗುವಷ್ಟನ್ನೇ ಅಕ್ಕನ ಖಾತೆಗೆ ಕಟ್ಟಿದೆವು. ಆ ಕಾರ್ಡನ್ನು ಅವಳು ಯಾವತ್ತೂ ಬಳಸಿರಲಿಲ್ಲವಾದ್ದರಿಂದ ಮೊದಲು ಎಟಿಎಮ್ಮಿನಲ್ಲಿ ಪಿನ್ ಮಾಡಿಸಿ, ಆನ್‌ಲೈನ್ ಬಳಕೆಗೆ ಒಪ್ಪಿಗೆ ಕೊಡಬೇಕಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಎಟಿಎಮ್ಮಿಗೆ ಹೋದೆವು. ಕಾರ್ಡು ಹಾಕಿದರೆ ಓದಲಾಗುತ್ತಿಲ್ಲ ಅಂತು ಮಿಷಿನ್ನು. ತಿರುಗಿಸಿ ಹಾಕಿದೆ, ಆಗಲೂ ಇಲ್ಲ. ಮಿಷಿನ್ನು ಓದಬೇಕಾದ ಆ ಬಂಗಾರದ ಚೌಕದ ಮೇಲೆ ಗಂಧ ಕುಂಕುಮ ಪದರ ಪದರವಾಗಿ ಗಟ್ಟಿಯಾಗಿ ಕೂತಿತ್ತು.

“ಒರೆಸ್ಬೇಕು ಅಕ್ಕ.”

“ಕುಂಕು‌ಮಾನ? ಒಳ್ಳೇ ಕೆಲಸಕ್ಕೆ ಹೊರಟಾಗ ಕುಂಕುಮ ಅಳಿಸ್ತಾರೇನೇ?”

“ಹಂಗಾದ್ರೆ ಮಣಿ ಬರಲ್ಲ.”

ಅಕ್ಕ ಯೋಚಿಸಿದಳು. ಹಿಂದೆ ಬಾಗಿಲ ಹತ್ತಿರ ಟವೆಲ್ಲು ಹೊದ್ದ ಹಿರಿಯರೊಬ್ಬರು ತಮ್ಮ ಸರದಿಗೆ ಕಾಯುತ್ತಿದ್ದರು. ಅಕ್ಕ ಪರ್ಸು ತೆಗೆದು, ಅಮೃತಾಪುರದ ದೇವಸ್ಥಾನದಿಂದ ತಂದ ಕುಂಕುಮದ ಪೊಟ್ಟಣ ಬಿಚ್ಚಿ, ಕಾರ್ಡಿನ ಮೂಲೆಗೆ ಹೊಸದಾಗಿ ಒಂದು ಬೊಟ್ಟಿಟ್ಟಳು. ಕಣ್ಣಿಗೊತ್ತಿಕೊಂಡಳು. ಆಮೇಲೆ ಸೆರಗಿನ ತುದಿ ಒದ್ದೆ ಮಾಡಿ ಆ ಚೌಕವನ್ನು ತಿಕ್ಕಿ ತಿಕ್ಕಿ ಒರೆಸಿದಳು.

“ಪೂಜೆ ಮುಗೀತೇನ್ರಮ್ಮ? ಮಂಗಳಾರತಿ ಆದ್ಮೇಲೆ ನಮ್ಗೂ ಸ್ವಲ್ಪ ದರ್ಶನ ಬಿಡಿ” ಅಂದರು ಹಿರಿಯರು.

“ತಡ್ಕಳಪ್ಪ, ದೇವ್ರು ಇನ್ನೂ ಕಣ್ಣು ಬಿಟ್ಟಿಲ್ಲ” ಅಂದಳು ಅಕ್ಕ.

ಈ ಸಲ ಕಾರ್ಡು ಹಾಕಿದ ಕೂಡಲೇ ಮಿಷಿನ್ನು ಅಕ್ಕನನ್ನು ಹೆಸರು ಹಿಡಿದು ಸ್ವಾಗತಿಸಿತು. ಅವಳು ನನ್ನನ್ನು ಮೊಣಕೈಯಿಂದ ತಿವಿದು, “ನೋಡು, ಗುರುತು ಹಿಡೀತು” ಅಂದಳು. ಮನೆಗೆ ಬಂದು ನಂಬರು ಒತ್ತಿದೆ. ಓಟಿಪಿ ಅವಳ ಫೋನಿಗೆ ಬಂತು. ಅವಳು ಅದನ್ನು ಮಗ್ಗಿ ಒಪ್ಪಿಸುವ ಹಾಗೆ ಗಟ್ಟಿಯಾಗಿ ಓದಲು ಹೊರಟಾಗ ಬಾಯಿ ಮುಚ್ಚಿ, ನೀನೇ ಒತ್ತು ಅಂತ ನನ್ನ ಫೋನು ಅವಳ ಕೈಗೆ ಕೊಟ್ಟೆ. ಒತ್ತಿದಳು. ದುಡ್ಡು ಹೋಯಿತು, ಖಾತೆ ಮೊದಲಿನ ಹಾಗೆ ಖಾಲಿಯಾಯಿತು. ಬೀಗ ಎಳೆದು ನೋಡಿದಾಗಿನ ಆ ನೆಮ್ಮದಿ ನನಗೆ ಮತ್ತೆ ಸಿಕ್ಕಿತು. ಆಮೇಲೆ ಕೂತು ಕಾಫಿ ಕುಡಿದೆವು.

ಮಣಿ ಸಕಾಲಕ್ಕೆ ಬಂತು. ತರೀಕೆರೆಯವರು ಸೀರೆ ಒಯ್ಯಲು ಬಂದ ದಿನ ನಾನೂ ಹೋಗಿದ್ದೆ. ಅಕ್ಕ ಧಾರೆ ಸೀರೆಯ ಸೆರಗನ್ನು ಮೇಜಿನ ಮೇಲೆ ಹರಡಿದಳು. ಆ ತಾಯಿ ಕನ್ನಡಕ ಹಾಕಿಕೊಂಡರು, ಸೆರಗನ್ನು ಎತ್ತಿಕೊಂಡು ಅಂಗಳಕ್ಕೆ ಹೋಗಿ ಬಿಸಿಲಿಗೆ ಹಿಡಿದರು, ಒಂದೊಂದು ಕುಚ್ಚನ್ನೂ ಬೆರಳಲ್ಲಿ ಸವರಿದರು. ಅಕ್ಕ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಕೊನೆಗೆ ಅವರು, “ಅಂಚಲ್ಲಿರೋ ಬಣ್ಣಾನೇ ಕಿತ್ತು ತಂದು ಕಟ್ಟಿದಂಗಿದೆ” ಅಂದರು. ಚೀಲದಿಂದ ಇನ್ನೊಂದು ಸೀರೆ ತೆಗೆದರು. ಬೀಗರ ಮನೆಯವರದಂತೆ. ಅವರು ಹೋಗುವಾಗ ಅಕ್ಕ ಗೇಟಿನವರೆಗೂ ಬಂದು, ಎದುರು ಮನೆಗೆ ಕೇಳಿಸುವ ಹಾಗೆ, “ಮದುವೆಗೆ ಬತ್ತೀವಿ ಅಮ್ಮ, ತಪ್ಪದೆ ಬತ್ತೀವಿ” ಅಂತ ಕೂಗಿ ಹೇಳಿದಳು. ಕರೆಯೋಲೆ ಅವರಿನ್ನೂ ಕೊಟ್ಟಿರಲಿಲ್ಲ. ಅಷ್ಟು ಕೇಳಿದ ಮೇಲೆ ಆಕೆ ನಾಚಿಕೊಂಡು ವಾಪಸು ಬಂದು ಕೊಟ್ಟು ಹೋದರು.

ಈಗ ತರೀಕೆರೆಯಿಂದ ಕೆಲಸ ಬರುತ್ತಲೇ ಇದೆ. ಅಕ್ಕ ಮಣಿ ತರಿಸಲು ನನಗೆ ಫೋನ್ ಮಾಡುವುದನ್ನು ನಿಲ್ಲಿಸಿದ್ದಾಳೆ. ವ್ಯಾಪಾರಿಯ ಜೊತೆ ತನ್ನದೇ ಹಿಂದಿಯಲ್ಲಿ ಜಗಳವಾಡಿ ಬೆಲೆ ಇಳಿಸುತ್ತಾಳೆ, ಅಷ್ಟನ್ನೇ ಖಾತೆಗೆ ಕಟ್ಟುತ್ತಾಳೆ, ಓಟಿಪಿ ತಾನೇ ಒತ್ತುತ್ತಾಳೆ. ತೊಂದರೆಯಾಗಿರುವುದು ನನಗೆ. ಏನು ಬೇಕಾದರೂ ಅವಳ ಖಾಲಿ ಖಾತೆಗೆ ದುಡ್ಡು ಹಾಕಿ, ಅವಳ ಕೈಲೇ ತರಿಸಬೇಕು. ನಾನು ಯಾರಿಗೂ ಯಾವತ್ತೂ ಯಾಕೆ ಅಂತ ಕೇಳಿದವಳಲ್ಲ. ಅವಳು ಕೇಳುತ್ತಾಳೆ.

ಮೊನ್ನೆ ಒಂದು ದೋಸೆ ಕಾವಲಿ ಇಷ್ಟವಾಗಿ ಫೋನ್ ಮಾಡಿದ್ದೆ.

“ಎಷ್ಟಂತೆ?” ಅಂದಳು. ಹೇಳಿದೆ.

“ಕಾವಲಿಗಾ? ಅದೇನು ತಾನೇ ದೋಸೆ ಹುಯ್ಕೊಂಡು ಚಟ್ನೀನೂ ರುಬ್ಬುತ್ತಾ?”

“ಅಂಟಲ್ಲ ಕಣಕ್ಕ.”

“ನೀನು ಹಿಟ್ಟು ಸರಿಯಾಗಿ ರುಬ್ಬು, ಇರೋದೂ ಅಂಟಲ್ಲ. ಮುಂದಿನ ತಿಂಗಳು ನೋಡಣ. ಈಗ ಫೋನಿಡು, ಸೂರತ್ತಿನವನು ಲೈನಲ್ಲಿದಾನೆ.”

ಫೋನಿಟ್ಟೆ. ಇವರು ಪೇಪರಿನಿಂದ ತಲೆಯೆತ್ತಿ, “ಸಾಲ ಮಂಜೂರಾಯ್ತಾ?” ಅಂದರು.

“ಅರ್ಜಿ ಪರಿಶೀಲನೆಯಲ್ಲಿದೆ” ಅಂದು ಹಿಟ್ಟು ರುಬ್ಬಲು ಎದ್ದೆ.